ಜೋಯಿಸರು, ಕೊರವಂಜಿ, ಗೊರವಯ್ಯ: ಮುಂದಾಗುವುದನ್ನು ಹೇಳುವವರ ಹೆಸರುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮುಂದೆ ಏನಾಗುತ್ತದೆ ಎಂದು ಹೇಳುವವರನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು? ಬರೆಯುವವರು, ಅನುವಾದ ಮಾಡುವವರು, ಊರು ಬಿಟ್ಟು ದೂರ ಇರುವ ಕನ್ನಡಿಗರು, ಮಕ್ಕಳಿಗೆ ಪಾಠ ಹೇಳುವವರು ಈ ಪ್ರಶ್ನೆಯನ್ನು ಒಂದಲ್ಲ ಒಂದು ರೂಪದಲ್ಲಿ ಕೇಳುತ್ತಲೇ ಇರುತ್ತಾರೆ. ಅಂಥ ಪ್ರಶ್ನೆಗಳಿಗೆ ಇಲ್ಲಿ ಒಟ್ಟಿಗೆ ಉತ್ತರ ಕೊಟ್ಟಿದ್ದೇನೆ.

ಎಲ್ಲರಿಗೂ ‘ಜ್ಯೋತಿಷಿ’ ಅಂದರೆ ಸಾಲದಾ?

ಸಾಲದು. ಜ್ಯೋತಿಷಿ ಗ್ರಹ, ನಕ್ಷತ್ರ, ಹುಟ್ಟಿದ ಸಮಯ ನೋಡಿ ಲೆಕ್ಕ ಹಾಕಿ ಹೇಳುವವರು. ಕೊರವಂಜಿ ಕೈ ನೋಡಿ ಹೇಳುತ್ತಾಳೆ. ಬುಡುಬುಡಿಕೆಯವರು ಹಕ್ಕಿಯ ದನಿ ಕೇಳಿ ಹೇಳುತ್ತಾರೆ. ಗೊರವಯ್ಯ ಏನನ್ನೂ ನೋಡುವುದಿಲ್ಲ, ಲೆಕ್ಕ ಹಾಕುವುದಿಲ್ಲ. ದೇವರೇ ತನ್ನ ಬಾಯಲ್ಲಿ ನುಡಿಸುತ್ತಾನೆ ಎಂಬ ನಂಬಿಕೆಯಲ್ಲಿ ನಿಂತು ಒಂದು ಮಾತು ಕೂಗುತ್ತಾರೆ. ಕಾಲಜ್ಞಾನಿಯ ಮಾತು ಹಾಡಾಗಿ, ವಚನವಾಗಿ ಯಾವತ್ತೋ ಉಳಿದುಬಿಟ್ಟಿದೆ.

ನಮ್ಮವರು ಇವರನ್ನೆಲ್ಲ ಬೇರೆ ಬೇರೆ ಹೆಸರಿನಿಂದ ಕರೆದದ್ದು ಸುಮ್ನೆ ಅಲ್ಲ. ಯಾರು ಹೇಳುತ್ತಾರೆ, ಏನು ನೋಡಿ ಹೇಳುತ್ತಾರೆ, ಯಾರಿಗೆ ಹೇಳುತ್ತಾರೆ, ಇಷ್ಟೂ ಆ ಒಂದೊಂದು ಹೆಸರಿನಲ್ಲಿದೆ. ‘ಭವಿಷ್ಯ ಹೇಳುವವರು’ ಎಂದು ಬರೆದರೆ ತಪ್ಪಲ್ಲ, ಆದರೆ ಇಷ್ಟೆಲ್ಲ ಕಳೆದುಹೋಗುತ್ತದೆ. ಸರಿಯಾದ ಹೆಸರು ಗೊತ್ತಿದ್ದೂ ಬಿಡಬೇಡಿ ಎನ್ನುವುದೇ ನನ್ನ ಕೋರಿಕೆ.

‘ಜೋಯಿಸ’ ಮತ್ತು ‘ಜ್ಯೋತಿಷಿ’ ಒಂದೇನಾ?

ಮೂಲ ಒಂದೇ. ಸಂಸ್ಕೃತದ ‘ಜ್ಯೋತಿಷ’ ಕನ್ನಡದ ನಾಲಿಗೆಯಲ್ಲಿ ‘ಜೋಯಿಸ’ ಆಯಿತು. ಆದರೆ ಬಳಕೆಯಲ್ಲಿ ಎರಡೂ ಬೇರೆ.

ಜೋಯಿಸರು ಅಂದರೆ ಹಳ್ಳಿಯಲ್ಲಿ ಪಂಚಾಂಗ ಇಟ್ಟುಕೊಂಡ ಮನುಷ್ಯ. ಮದುವೆಗೆ ಮುಹೂರ್ತ ಇಡುವವರು ಅವರೇ, ಮಗುವಿಗೆ ಯಾವ ಅಕ್ಷರದಿಂದ ಹೆಸರಿಡಬೇಕೆಂದು ಹೇಳುವವರೂ ಅವರೇ. ಯುಗಾದಿಯ ದಿನ ಊರವರೆದುರು ಪಂಚಾಂಗ ಓದಿ, ಈ ವರ್ಷ ಮಳೆ ಎಷ್ಟು, ಬೆಳೆ ಎಷ್ಟು ಎಂದು ಹೇಳುವವರೂ ಅವರೇ. ತಿಥಿ, ವಾರ, ನಕ್ಷತ್ರ, ಯೋಗ, ಕರಣ ಈ ಐದು ಅಂಗ ಇರುವುದರಿಂದ ಅದು ಪಂಚಾಂಗ. ಮೈಸೂರಿನ ಒಂಟಿಕೊಪ್ಪಲ್ ಪಂಚಾಂಗ ಹಳೆ ಮೈಸೂರಿನ ಎಷ್ಟೋ ಮನೆಗಳಲ್ಲಿ ಇಂದಿಗೂ ದೇವರ ಗೂಡಿನ ಪಕ್ಕ ಇರುತ್ತದೆ.

ಜ್ಯೋತಿಷಿ ಅಂದರೆ ಈಗ ಜಾಸ್ತಿ ಮನಸ್ಸಿಗೆ ಬರುವುದು ಕಚೇರಿ ಇಟ್ಟುಕೊಂಡು, ಟಿವಿಯಲ್ಲಿ ಕಾಣಿಸಿಕೊಂಡು, ಒಬ್ಬೊಬ್ಬರ ಜಾತಕ ನೋಡಿ ಹೇಳುವವರು. ಜೋಯಿಸರು ಊರಿನವರು, ಜ್ಯೋತಿಷಿ ನಾವು ಹುಡುಕಿಕೊಂಡು ಹೋಗುವವರು. ಕಥೆ ಬರೆಯುವವರು ಈ ವ್ಯತ್ಯಾಸ ಗಮನಿಸಿದರೆ ಒಂದೇ ಪದದಲ್ಲಿ ಊರಿನ ಚಿತ್ರ ಬಂದುಬಿಡುತ್ತದೆ.

ಜೋಶಿ, ಜೋಯ್ಸ್ ಎಂಬ ಮನೆಹೆಸರುಗಳಿಗೂ ಇದಕ್ಕೂ ಸಂಬಂಧ ಇದೆಯಾ?

ಇದೆ. ಮಲೆನಾಡಿನ ಕಡೆ ಜೋಯಿಸ, ಜೋಯ್ಸ್. ಉತ್ತರ ಕರ್ನಾಟಕ ಮತ್ತು ಮಹಾರಾಷ್ಟ್ರದಲ್ಲಿ ಜೋಶಿ. ಹಿಂದೆ ಮನೆತನದ ಕೆಲಸ ಪಂಚಾಂಗ ನೋಡುವುದಾಗಿತ್ತು ಎಂಬುದಕ್ಕೆ ಉಳಿದ ಗುರುತು ಅದು. ಗದಗ ಸೀಮೆಯಿಂದ ಬಂದ ಭೀಮಸೇನ ಜೋಶಿಯವರ ಹೆಸರಿನಲ್ಲಿರುವುದೂ ಅದೇ ಪದ. ಈಗ ಆ ಹೆಸರಿಗೂ ಮಾಡುವ ಕೆಲಸಕ್ಕೂ ನಂಟು ಉಳಿದಿಲ್ಲ.

ಜ್ಯೋತಿಷ, ಜ್ಯೋತಿಷ್ಯ: ಯಾವುದು ಸರಿ?

ಶಾಸ್ತ್ರಕ್ಕೆ ‘ಜ್ಯೋತಿಷ’, ಹೇಳುವವರಿಗೆ ‘ಜ್ಯೋತಿಷಿ’. ಆದರೆ ಕನ್ನಡದಲ್ಲಿ ‘ಜ್ಯೋತಿಷ್ಯ’ ಎಂಬ ರೂಪ ಗಟ್ಟಿಯಾಗಿ ಬೇರೂರಿದೆ, ಪತ್ರಿಕೆಗಳೂ ಹಾಗೇ ಬರೆಯುತ್ತವೆ. ಅದನ್ನು ತಿದ್ದಲು ಹೋಗುವ ಅಗತ್ಯ ನನಗೆ ಕಾಣುವುದಿಲ್ಲ. ‘ಜ್ಯೋತಿಷ್ಯಿ’ ಎಂದು ಮಾತ್ರ ಬರೆಯಬೇಡಿ. ಹೆಂಗಸಾದರೂ ಗಂಡಸಾದರೂ ಜ್ಯೋತಿಷಿ ಒಂದೇ ರೂಪ.

‘ದೈವಜ್ಞ’ ಅಂದರೆ ಯಾರು?

ದೈವವನ್ನು, ಅಂದರೆ ಆಗಲಿರುವುದನ್ನು ಬಲ್ಲವರು. ಇದು ಗೌರವದ ಪದ. 6ನೇ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ದೈವಜ್ಞನಿಗೆ ಇರಬೇಕಾದ ಗುಣಗಳ ದೊಡ್ಡ ಪಟ್ಟಿಯನ್ನೇ ಕೊಡುತ್ತಾನೆ. ಗಣಿತ ಬರಬೇಕು, ಕಾಲದ ಲೆಕ್ಕ ಬರಬೇಕು, ನಡತೆ ಚೆನ್ನಾಗಿರಬೇಕು. ಶಾಸ್ತ್ರ ಕಲಿಯದೆ ತಾನು ದೈವಜ್ಞ ಎಂದು ಹೇಳಿಕೊಳ್ಳುವವನಿಗೆ ಅವನು ಕೊಡುವ ಹೆಸರು ‘ನಕ್ಷತ್ರಸೂಚಕ’. ಪಂಕ್ತಿಯಲ್ಲಿ ಕೂರಿಸಲೂ ಯೋಗ್ಯನಲ್ಲ ಎಂದು ಕಟುವಾಗಿಯೇ ಬೈಯುತ್ತಾನೆ. ಹೇಳುವವರಲ್ಲಿ ಕಲಿತವರು ಯಾರು, ಬರೀ ಹೊಟ್ಟೆಪಾಡಿಗೆ ಹೇಳುವವರು ಯಾರು ಎಂಬ ಜಗಳ ಅಷ್ಟು ಹಳೆಯದು.

ಒಂದು ಎಚ್ಚರಿಕೆ. ಉತ್ತರ ಕನ್ನಡ, ಗೋವಾ ಕಡೆ ‘ದೈವಜ್ಞ’ ಎಂಬುದು ಒಂದು ಸಮುದಾಯದ ಹೆಸರು. ಚಿನ್ನದ ಕೆಲಸಕ್ಕೆ ಹೆಸರಾದವರು ಅವರು. ‘ದೈವಜ್ಞ ಸಮಾಜ’ ಎಂಬ ಬೋರ್ಡ್ ಕಂಡರೆ ಅಲ್ಲಿ ಜಾತಕ ನೋಡುತ್ತಾರೆ ಎಂದುಕೊಳ್ಳಬಾರದು.

ಕರಾವಳಿಯವರು ‘ಪ್ರಶ್ನೆ ಇಟ್ಟೆವು’ ಅಂತಾರೆ. ಏನದು?

ಅಲ್ಲಿ ‘ಪ್ರಶ್ನೆ’ ಒಂದು ವಿಧಿ. ಮನೆಯಲ್ಲಿ ಮೇಲಿಂದ ಮೇಲೆ ತೊಂದರೆ ಬಂದರೆ, ದೇವಸ್ಥಾನ ಅಥವಾ ದೈವಸ್ಥಾನ ಜೀರ್ಣೋದ್ಧಾರ ಮಾಡಬೇಕಾದರೆ ಪ್ರಶ್ನೆ ಇಡುತ್ತಾರೆ. ಕವಡೆ ಹಾಕಿ ನೋಡುವುದುಂಟು, ವೀಳ್ಯದೆಲೆ ಎಣಿಸುವ ತಾಂಬೂಲ ಪ್ರಶ್ನೆ ಉಂಟು, ದೊಡ್ಡ ಮಟ್ಟದಲ್ಲಿ ನಡೆಯುವ ಅಷ್ಟಮಂಗಲ ಪ್ರಶ್ನೆ ಉಂಟು. ಇದು ಕೇರಳದ ಕಡೆಯಿಂದ ಹರಡಿದ ಪದ್ಧತಿ. ಇದರ ಮುಖ್ಯ ಗ್ರಂಥ ‘ಪ್ರಶ್ನಮಾರ್ಗ’ ಕೇರಳದಲ್ಲಿ 1649ರಲ್ಲಿ ಹುಟ್ಟಿತು. ಅದನ್ನು ಇಂಗ್ಲಿಷಿಗೆ ತಂದವರು ಬೆಂಗಳೂರಿನ ಬಿ. ವಿ. ರಾಮನ್. ತುಳುವಿನಲ್ಲಿ ಹೀಗೆ ಕೇಳಿ ತಿಳಿದುಕೊಳ್ಳುವುದಕ್ಕೆ ‘ಬಲಿಮೆ’ ಎನ್ನುತ್ತಾರೆ.

ಹಾಗಾಗಿ ಮಂಗಳೂರಿನ ಗೆಳೆಯರು ‘ಪ್ರಶ್ನೆಯಲ್ಲಿ ಹೀಗೆ ಕಂಡುಬಂತು’ ಎಂದರೆ ಅದು ಪರೀಕ್ಷೆಯ ಪ್ರಶ್ನೆ ಅಲ್ಲ. ಬಯಲುಸೀಮೆಯವರು ಅದನ್ನೇ ‘ಶಾಸ್ತ್ರ ಕೇಳಿಕೊಂಡು ಬಂದ್ವಿ’ ಎನ್ನುತ್ತಾರೆ. ಹಳೆ ಮೈಸೂರು ಕಡೆ ‘ಶಾಸ್ತ್ರ ಹೇಳೋರು’ ಅಂದರೆ ಮುಂದಾಗುವುದನ್ನು ಹೇಳುವವರು ಎಂದೇ ಅರ್ಥ.

‘ಕಣಿ’ ಅಂದರೇನು?

ಮುಂದಾಗುವುದರ ಬಗ್ಗೆ ಹೇಳುವ ಮಾತು. ‘ಕಣಿ ಹೇಳು’, ‘ಕಣಿ ಕೇಳು’ ಎಂದು ಎರಡೂ ಕಡೆಯಿಂದ ಬಳಸಬಹುದು. ಹೇಳುವವರು ಕಣಿ ಹೇಳುವವರು. ಕರಾವಳಿಯಲ್ಲಿ ಬಿಸು ಹಬ್ಬದ ದಿನ ಬೆಳಗ್ಗೆ ಎದ್ದು ಮೊದಲು ನೋಡುವ ಹಣ್ಣು, ತರಕಾರಿ, ಕನ್ನಡಿಯ ಜೋಡಣೆಗೂ ಕಣಿ ಎನ್ನುತ್ತಾರೆ. ಅಲ್ಲಿ ಅದು ನೋಡುವ ವಸ್ತು, ಇಲ್ಲಿ ಅದು ಕೇಳುವ ಮಾತು. ವರ್ಷ ಚೆನ್ನಾಗಿರಲಿ ಎಂಬ ಆಸೆ ಎರಡರಲ್ಲೂ ಇದೆ.

ಕೊರವಂಜಿ ಯಾರು?

ಕೊರಚ, ಕೊರಮ ಎಂದು ಕರೆಯುವ ಅಲೆಮಾರಿ ಸಮುದಾಯದ, ಕಣಿ ಹೇಳುವ ಹೆಂಗಸು. ಕಂಕುಳಲ್ಲಿ ಬುಟ್ಟಿ, ಕೈಯಲ್ಲಿ ಕೋಲು. ಮನೆ ಬಾಗಿಲಿಗೆ ಬಂದು, ಒಳಗಿರುವ ಹೆಂಗಸರನ್ನು ಕರೆದು, ಕೈ ನೋಡಿ ಹೇಳುತ್ತಾಳೆ. ಇದು ಹೆಂಗಸರು ಹೆಂಗಸರಿಗೆ ಹೇಳುತ್ತಿದ್ದ ಮಾತು ಎಂಬುದನ್ನು ಮರೆಯಬಾರದು. ಜೋಯಿಸರ ಮುಂದೆ ಮನೆಯ ಯಜಮಾನ ಕೂರುತ್ತಿದ್ದ. ತವರಿನ ಚಿಂತೆ, ಮಕ್ಕಳಾಗದ ನೋವು, ಗಂಡನ ಸಿಟ್ಟು, ಇಂಥದ್ದನ್ನೆಲ್ಲ ಸೊಸೆ ಹೇಳಿಕೊಳ್ಳಲು ಸಾಧ್ಯವಿದ್ದದ್ದು ಹೊಸ್ತಿಲಾಚೆ ಕೂತ ಈ ಅಪರಿಚಿತ ಹೆಂಗಸಿನ ಹತ್ತಿರ. ಕೊರವಂಜಿ ಬಹಳ ಸಲ ಮಾಡುತ್ತಿದ್ದದ್ದು ಸಮಾಧಾನ ಹೇಳುವ ಕೆಲಸ ಎಂದು ನನಗೆ ಅನಿಸುತ್ತದೆ.

ನಮ್ಮ ಕಥೆಗಳಲ್ಲಿ ಅವಳಿಗೆ ದೊಡ್ಡ ಜಾಗವಿದೆ. ಶ್ರೀನಿವಾಸ ಕಲ್ಯಾಣದ ಕಥೆಯಲ್ಲಿ ತಿರುಪತಿಯ ಶ್ರೀನಿವಾಸನೇ ಕೊರವಂಜಿಯ ವೇಷ ಹಾಕಿ ಆಕಾಶರಾಜನ ಅರಮನೆಗೆ ಹೋಗುತ್ತಾನೆ. ಪದ್ಮಾವತಿಯ ಮನಸ್ಸಿನಲ್ಲಿ ಯಾರಿದ್ದಾರೆ ಎಂದು ಅವಳ ತಾಯಿಗೆ ಹೇಳುತ್ತಾನೆ. ಮದುವೆಯ ಮಾತು ಮುಂದೆ ಹೋಗುವುದೇ ಅಲ್ಲಿಂದ. ದೇವರು ಅರಮನೆ ಒಳಗೆ ಹೋಗಲು ಆರಿಸಿಕೊಂಡ ವೇಷ ಋಷಿಯದ್ದಲ್ಲ, ಅಲೆಮಾರಿ ಹೆಂಗಸಿನದು. ತಮಿಳಿನಲ್ಲಿ ‘ಕುರವಂಜಿ’ ಎಂಬ ನಾಟಕ ಪ್ರಕಾರವೇ ಬೆಳೆಯಿತು. ತೆಲುಗಿನಲ್ಲಿ ಅವಳು ಎರುಕಲಸಾನಿ.

‘ಕೊರವಂಜಿ’ ಒಂದು ಪತ್ರಿಕೆ ಅಲ್ವಾ?

ಅದೂ ಹೌದು. ‘ರಾಶಿ’ ಎಂಬ ಹೆಸರಿನಿಂದ ಬರೆಯುತ್ತಿದ್ದ ಡಾ. ಎಂ. ಶಿವರಾಂ 1942ರಲ್ಲಿ ಶುರು ಮಾಡಿದ ಹಾಸ್ಯ ಮಾಸಪತ್ರಿಕೆ. 1967ರವರೆಗೆ ನಡೆಯಿತು. ಆರ್. ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದಿದ್ದರು. ಅದರ ದಾರಿಯಲ್ಲೇ ಮುಂದೆ ‘ಅಪರಂಜಿ’ ಬಂತು. ಮನೆ ಮನೆ ಸುತ್ತಿ, ಎಲ್ಲರ ಕೈ ನೋಡಿ, ಇದ್ದದ್ದನ್ನು ಇದ್ದಂತೆ ಹೇಳುವ ಹೆಂಗಸಿನ ಹೆಸರು ಹಾಸ್ಯ ಪತ್ರಿಕೆಗೆ ತುಂಬ ಚೆನ್ನಾಗಿ ಹೊಂದುತ್ತದೆ.

ಈ ಹೆಸರುಗಳನ್ನು ಬೈಗುಳವಾಗಿ ಬಳಸುತ್ತಾರಲ್ಲ, ಅದು ಸರಿಯಾ?

ಸರಿಯಲ್ಲ, ದಯವಿಟ್ಟು ಬಳಸಬೇಡಿ. ಕೊರಚ, ಕೊರಮ, ಬುಡುಬುಡಿಕೆ ಇವೆಲ್ಲ ಬದುಕಿರುವ ಜನರ ಹೆಸರುಗಳು. ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಆಮೇಲೆ ಎಷ್ಟೋ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿಗೆ ಸೇರಿಸಿದರು. ಕೊರಚರೂ ಆ ಪಟ್ಟಿಯಲ್ಲಿ ಸಿಕ್ಕಿಬಿದ್ದವರು. ಸ್ವಾತಂತ್ರ್ಯದ ನಂತರ, 1952ರಲ್ಲಿ ಆ ಕಾಯ್ದೆ ಹೋಯಿತು. ಕಳಂಕ ಅಷ್ಟು ಬೇಗ ಹೋಗಲಿಲ್ಲ. ಬಣ್ಣ ಬಣ್ಣವಾಗಿ ಬಟ್ಟೆ ಹಾಕಿದ ಹುಡುಗಿಗೆ ‘ಕೊರವಂಜಿ ಥರ ಕಾಣ್ತೀಯಾ’ ಎಂದು ಹೇಳುವಾಗ ನಾವು ಯಾರನ್ನು ಕೀಳು ಮಾಡುತ್ತಿದ್ದೇವೆ ಎಂದು ಒಂದು ಕ್ಷಣ ಯೋಚಿಸಬೇಕು.

ಬುಡುಬುಡಿಕೆಯವರು ನಸುಕಿನಲ್ಲೇ ಯಾಕೆ ಬರುತ್ತಾರೆ?

ಅವರು ಓದುವುದು ಹಾಲಕ್ಕಿಯ ದನಿಯನ್ನು. ಹಾಲಕ್ಕಿ ಅಂದರೆ ಸಣ್ಣ ಗೂಬೆ. ಅದು ಕೂಗುವುದು ಸಂಜೆ, ರಾತ್ರಿ, ಬೆಳಗಿನ ಜಾವ. ಕತ್ತಲಿರುವಾಗಲೇ ಊರ ಹೊರಗೆ ಹೋಗಿ ಅದರ ನುಡಿ ಕೇಳಿಕೊಂಡು, ಬೆಳಕು ಹರಿಯುವ ಹೊತ್ತಿಗೆ ಊರೊಳಗೆ ಬಂದು ಮನೆ ಮನೆಯ ಮುಂದೆ ಹೇಳುತ್ತಾರೆ. ಕೈಯಲ್ಲಿ ಅಲ್ಲಾಡಿಸುವ ಪುಟ್ಟ ಡಮರು ಮಾಡುವ ಸದ್ದೇ ‘ಬುಡುಬುಡು’. ಆ ಸದ್ದು ವಾದ್ಯದ ಹೆಸರಾಯಿತು, ವಾದ್ಯ ಹಿಡಿದವರ ಹೆಸರೂ ಆಯಿತು. ಬುಡುಬುಡಿಕೆ, ಬುಡಬುಡಕಿ, ಬುಡುಬುಡುಕೆ ಎಂದು ಊರಿಗೊಂದು ರೂಪ ಇದೆ. ಯಾವುದೂ ತಪ್ಪಲ್ಲ.

ಸಂಸ್ಕೃತದಲ್ಲಿ ‘ಶಕುನ’ ಎಂಬ ಪದದ ಮೊದಲ ಅರ್ಥವೇ ಹಕ್ಕಿ. ಹಕ್ಕಿ ಎತ್ತ ಹಾರಿತು, ಹೇಗೆ ಕೂಗಿತು ಎಂದು ನೋಡಿ ಹೇಳುವುದರಿಂದಲೇ ಒಳ್ಳೆ ಶಕುನ, ಅಪಶಕುನ ಎಂಬ ಮಾತುಗಳು ಬಂದವು. ಪುಸ್ತಕಗಳು ಮರೆತ ಆ ಹಳೆಯ ಅರ್ಥವನ್ನು ಬುಡುಬುಡಿಕೆಯವರು ಬೀದಿಯಲ್ಲಿ ಉಳಿಸಿಕೊಂಡರು. ಗೂಬೆ ಅಂದರೆ ಕೆಟ್ಟದ್ದು ಎಂದು ಹೆದರುವ ಊರಿನಲ್ಲಿ, ಅದೇ ಜಾತಿಯ ಹಕ್ಕಿ ಒಳ್ಳೆ ಮಾತು ತರುತ್ತದೆ ಎಂದು ಇವರು ನಂಬಿಸಿದ್ದಾರೆ. ಇದು ನನಗೆ ಬಹಳ ಇಷ್ಟವಾದ ಸಂಗತಿ.

ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರಿಗೂ ಈ ಹಕ್ಕಿ ಶಾಸ್ತ್ರಕ್ಕೂ ಗಂಟು ಹಾಕಬೇಡಿ. ಅವರು ಕೃಷಿಯ ಜನ, ಅವರ ಹಾಡು, ಉಡುಗೆ ಎಲ್ಲ ಬೇರೆ.

ಗಿಣಿಶಾಸ್ತ್ರದವರು ಈಗ ಕಾಣುವುದಿಲ್ಲ, ಯಾಕೆ?

ಜಾತ್ರೆ, ಬಸ್ ಸ್ಟ್ಯಾಂಡ್‌ಗಳಲ್ಲಿ ಗಿಣಿ ಪಂಜರದಿಂದ ಹೊರಬಂದು ಕಾರ್ಡ್ ಎತ್ತಿಕೊಡುತ್ತಿತ್ತು. ನಮ್ಮ ದೇಶದ ಕಾಡು ಗಿಣಿಗಳನ್ನು ಹಿಡಿಯುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಕಾಯ್ದೆ ಬಿಗಿಯಾದ ಹಾಗೆ ಇವರು ಕಡಿಮೆಯಾದರು. ಗಿಣಿಗೆ ಒಳ್ಳೆಯದೇ ಆಯಿತು.

‘ಕಾರ್ಣಿಕ’ ಅಂದರೆ ಏನು? ಅದು ವ್ಯಕ್ತಿಯಾ, ಮಾತಾ?

ಮಾತು. ವರ್ಷಕ್ಕೊಮ್ಮೆ, ದೇವರ ಹೆಸರಿನಲ್ಲಿ, ನೆರೆದ ಜನರ ಮುಂದೆ ನುಡಿಯುವ ಒಂದೇ ಒಂದು ವಾಕ್ಯ. ಪುಸ್ತಕಗಳಲ್ಲಿ ‘ಕಾರಣಿಕ’, ಬಾಯಲ್ಲಿ ‘ಕಾರ್ಣಿಕ’. ನುಡಿಯುವವರು ಗೊರವಯ್ಯ. ‘ಕಾರ್ಣಿಕ ಹೇಳಿದರು’ ಅನ್ನುವುದಕ್ಕಿಂತ ‘ಕಾರ್ಣಿಕ ನುಡಿದರು’, ‘ಕಾರ್ಣಿಕವಾಯಿತು’ ಎನ್ನುವುದು ಆ ಕಡೆಯ ಬಳಕೆ.

ಎಲ್ಲಕ್ಕಿಂತ ಹೆಸರಾದದ್ದು ಮೈಲಾರದ ಕಾರ್ಣಿಕ. ಮೈಲಾರ ತುಂಗಭದ್ರೆಯ ದಂಡೆಯ ಊರು, ಹೂವಿನಹಡಗಲಿ ತಾಲ್ಲೂಕು. ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು, 2021ರಿಂದ ವಿಜಯನಗರ ಜಿಲ್ಲೆ. ಭರತ ಹುಣ್ಣಿಮೆ ಕಳೆದ ಮೂರನೇ ದಿನ ಅಲ್ಲಿನ ಡೆಂಕಣ ಮರಡಿ ಎಂಬ ದಿಬ್ಬದಲ್ಲಿ ಕಾರ್ಣಿಕ ನಡೆಯುತ್ತದೆ. ಮೈಲಾರಲಿಂಗ ಏಳು ಕೋಟಿ ಸೈನ್ಯದೊಂದಿಗೆ ಹೋಗಿ ಮಣಿ, ಮಲ್ಲ ಎಂಬ ರಾಕ್ಷಸರನ್ನು ಕೊಂದ ಎಂಬುದು ಕಥೆ. ‘ಏಳು ಕೋಟಿ, ಏಳು ಕೋಟಿಗೋ’ ಎಂಬ ಕೂಗು ಅದರ ನೆನಪು. ಮಹಾರಾಷ್ಟ್ರದಲ್ಲಿ ಇದೇ ದೇವರು ಖಂಡೋಬಾ, ಹಾಗಾಗಿ ಅಲ್ಲಿಂದಲೂ ಜನ ಬರುತ್ತಾರೆ.

ದಿನಗಟ್ಟಲೆ ಉಪವಾಸ ಇದ್ದ ಗೊರವಯ್ಯ ಎತ್ತರದ ಬಿಲ್ಲನ್ನು ಏರುತ್ತಾರೆ. ಮರಡಿಯ ತುಂಬ ಲಕ್ಷಾಂತರ ಜನ. ತುದಿಗೆ ಹೋಗಿ ‘ಸದ್ದಲೇ’ ಎಂದು ಕೂಗುತ್ತಾರೆ. ಅಷ್ಟೂ ಜನ ಒಮ್ಮೆಲೇ ಸುಮ್ಮನಾಗುತ್ತಾರೆ. ಆಗ ಆ ಒಂದು ಮಾತು ಬರುತ್ತದೆ. ಮಾತು ಮುಗಿದದ್ದೇ ಗೊರವಯ್ಯ ಮೇಲಿಂದ ಕೆಳಗೆ ಬೀಳುತ್ತಾರೆ, ಕೆಳಗಿದ್ದವರು ಕಂಬಳಿಯಲ್ಲಿ ಹಿಡಿಯುತ್ತಾರೆ. ಜನ ತಕ್ಷಣ ಪಕ್ಕದವರನ್ನು ಕೇಳಲು ಶುರು ಮಾಡುತ್ತಾರೆ: ‘ಏನಂತು? ಏನಂತು?’

ಹಾವೇರಿ ಜಿಲ್ಲೆ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲೂ ಕಾರ್ಣಿಕ ಇದೆ. ಅದು ಮಾಲತೇಶನ ಸನ್ನಿಧಿಯಲ್ಲಿ, ನವರಾತ್ರಿಯ ಸಮಯದಲ್ಲಿ. ಫೆಬ್ರವರಿ ಸುಮಾರಿಗೆ ಮೈಲಾರದ ಮಾತು, ದಸರಾ ಹೊತ್ತಿಗೆ ದೇವರಗುಡ್ಡದ ಮಾತು. ಆ ಭಾಗದ ರೈತರು ಎರಡನ್ನೂ ಕೇಳಿಸಿಕೊಳ್ಳುತ್ತಾರೆ.

ಕಾರ್ಣಿಕದ ಕೊನೆಯಲ್ಲಿ ‘ಲೇ ಪರಾಕ್’ ಯಾಕೆ?

‘ಪರಾಕ್’ ಅರಮನೆಯ ಮಾತು. ರಾಜ ಬರುವಾಗ ಎಚ್ಚರಿಸಲು, ಜೈಕಾರ ಹಾಕಲು ಕೂಗುತ್ತಿದ್ದದ್ದು. ‘ಬಹುಪರಾಕ್’ ನಿಮಗೆ ಗೊತ್ತಿರುತ್ತದೆ. ‘ಲೇ’ ಎದುರಿಗಿರುವವರನ್ನು ಸಲುಗೆಯಿಂದ ಕರೆಯುವುದು. ದೇವರು ಮಕ್ಕಳನ್ನು ಕರೆದಂತೆ. ಇಲ್ಲಿ ಏಕವಚನ ಅವಮಾನ ಅಲ್ಲ, ಹತ್ತಿರದ ಗುರುತು.

ಅದರ ಅರ್ಥ ಯಾರು ಹೇಳುತ್ತಾರೆ?

ಇದೇ ಕಾರ್ಣಿಕದ ತಿರುಳು. ಗೊರವಯ್ಯ ಅರ್ಥ ಹೇಳುವುದಿಲ್ಲ. ಅರ್ಥ ಹುಡುಕುವುದು ಕೇಳಿದವರ ಕೆಲಸ.

2023ರಲ್ಲಿ ಮೈಲಾರದಲ್ಲಿ ಬಂದ ಮಾತು ‘ಅಂಬಲಿ ಹಳಸಿತು ಕಂಬಳಿ ಬೀಸಿತಲೇ ಪರಾಕ್’. ಮಳೆ, ಬೆಳೆಯ ಬಗ್ಗೆ ಎಂದು ಕೆಲವರು ತಿಳಿದರು. ಆ ವರ್ಷ ಮೇ ತಿಂಗಳಲ್ಲಿ ವಿಧಾನಸಭೆ ಚುನಾವಣೆ ಇದ್ದುದರಿಂದ ಅಧಿಕಾರ ಬದಲಾಗುವ ಸೂಚನೆ ಎಂದು ಇನ್ನು ಕೆಲವರು ಬಿಡಿಸಿದರು. ಅಂಬಲಿ, ಕಂಬಳಿ ಎರಡೂ ಕುರಿ ಕಾಯುವವರ ದಿನದ ವಸ್ತುಗಳು. ಕಾರ್ಣಿಕದ ಭಾಷೆ ಯಾವಾಗಲೂ ಹಾಗೇ: ರಾಶಿ, ಕೊಡ, ಕಂಬಳಿ, ಮುತ್ತು. ರೈತನಿಗೆ ಗೊತ್ತಿರುವ ಪದಗಳೇ, ಆದರೆ ಅರ್ಥ ಬಿಗಿಯಾಗಿ ಕಟ್ಟಿರುತ್ತದೆ.

ವ್ಯಾಕರಣದ ಒಂದು ಸೂಕ್ಷ್ಮವೂ ಇಲ್ಲಿದೆ. ‘ಹಳಸಿತು’ ಅಂದರೆ ಆಗಿಹೋಯಿತು. ‘ಹಳಸೀತು’ ಅಂದರೆ ಆದರೂ ಆಗಬಹುದು. ಒಂದು ದೀರ್ಘದಲ್ಲಿ ಆಗಿದ್ದು ಆಗಬಹುದಾದದ್ದಾಗಿಬಿಡುತ್ತದೆ. ಬಂದೀತು, ಸುರಿದೀತು, ಕೈತಪ್ಪೀತು ಎಂಬ ಈ ರೂಪ ಎಚ್ಚರಿಕೆಗೂ ಆಸೆಗೂ ಒಂದೇ ಸಮ ಒದಗುತ್ತದೆ. ಬಿಲ್ಲಿನ ಮೇಲಿಂದ ಕೂಗಿದ ಮಾತು ಗಾಳಿಯಲ್ಲಿ ಕೇಳುವಾಗ ಹ್ರಸ್ವವೋ ದೀರ್ಘವೋ ಸ್ಪಷ್ಟವಾಗುವುದು ಕಷ್ಟ. ಮರುದಿನ ಒಂದು ಪತ್ರಿಕೆ ಒಂದು ರೀತಿ, ಇನ್ನೊಂದು ಪತ್ರಿಕೆ ಇನ್ನೊಂದು ರೀತಿ ಅಚ್ಚು ಹಾಕಿದರೆ ಅರ್ಥವೇ ಬದಲಾಗುತ್ತದೆ. ವರದಿ ಮಾಡುವವರು ಈ ಒಂದು ಸ್ವರದ ಬಗ್ಗೆ ಜಾಸ್ತಿ ಎಚ್ಚರ ವಹಿಸಬೇಕು.

ಗೊರವಯ್ಯ ಅಂದರೆ ಪೂಜಾರಿನಾ?

ಅಲ್ಲ. ಗೊರವರು ಮೈಲಾರಲಿಂಗನಿಗೆ ಹರಕೆಯಾಗಿ ದೀಕ್ಷೆ ಪಡೆದವರು. ಕರಿ ಕಂಬಳಿ, ಕರಡಿ ಕೂದಲಿನ ಟೋಪಿ, ಡಮರುಗ, ಕೊಳಲು, ಭಂಡಾರದ ಚೀಲ ಅವರ ಗುರುತು. ಭಂಡಾರ ಅಂದರೆ ಅರಿಶಿನ ಪುಡಿ. ಗೊರವರ ಕುಣಿತ ನೀವು ದಸರಾ ಮೆರವಣಿಗೆಯಲ್ಲಿ ನೋಡಿರಬಹುದು. ಹಳಗನ್ನಡ ಶಾಸನಗಳಲ್ಲಿ ‘ಗೊರವ’ ಎಂದರೆ ಶೈವ ಸನ್ಯಾಸಿ. ಗೊರವರೆಲ್ಲ ಕಾರ್ಣಿಕ ನುಡಿಯುವುದಿಲ್ಲ ಎಂಬುದೂ ನೆನಪಿರಲಿ. ಆ ಹೊಣೆ ಒಬ್ಬರದು.

ಮಂಗಳೂರು ಕಡೆ ‘ಕಾರ್ಣಿಕದ ದೈವ’ ಅಂತಾರಲ್ಲ?

ಅಲ್ಲಿ ಅರ್ಥ ಬೇರೆ. ತುಳುನಾಡಿನಲ್ಲಿ ಕಾರ್ಣಿಕ ಅಂದರೆ ದೈವದ ಶಕ್ತಿ, ಮಹಿಮೆ. ಕೊರಗಜ್ಜನನ್ನು ಕಾರ್ಣಿಕದ ದೈವ ಎಂದರೆ ಬೇಡಿದ್ದನ್ನು ನಡೆಸಿಕೊಡುವ ಶಕ್ತಿ ಇರುವ ದೈವ ಎಂದು. ದೈವ ಆಡುವ ಮಾತಿಗೆ ಅಲ್ಲಿ ‘ನುಡಿ’ ಎನ್ನುತ್ತಾರೆ. ಹಡಗಲಿಯವರು ಮತ್ತು ಮಂಗಳೂರಿನವರು ಇದೇ ಪದ ಇಟ್ಟುಕೊಂಡು ಮಾತಾಡಿದರೆ ಗೊಂದಲ ಖಂಡಿತ. ‘ಕಾರಣಿಕ ಪುರುಷ’ ಎಂಬ ಇನ್ನೊಂದು ಹಳೆಯ ಬಳಕೆ ಇದೆ. ಒಂದು ಉದ್ದೇಶಕ್ಕಾಗಿ ಹುಟ್ಟಿ ಬಂದವರು ಎಂದು ಅದರ ಅರ್ಥ.

ಕಾಲಜ್ಞಾನಿ ಯಾರು?

ಮುಂಬರುವ ಕಾಲದ ಬಗ್ಗೆ ವಚನ, ಹಾಡು, ತತ್ವಪದದಲ್ಲಿ ಹೇಳಿ ಹೋದವರು. ಯಾದಗಿರಿ ಜಿಲ್ಲೆಯ ಕೊಡೇಕಲ್ ಬಸವಣ್ಣ, ಕೈವಾರದ ತಾತಯ್ಯ ಎಂದು ಪ್ರೀತಿಯಿಂದ ಕರೆಯುವ ಯೋಗಿ ನಾರೇಯಣರು, ಆಂಧ್ರದ ಪೋತುಲೂರಿ ವೀರಬ್ರಹ್ಮೇಂದ್ರ ಸ್ವಾಮಿ ಹೆಸರಾದವರು. ವಿಜಯಪುರ ಜಿಲ್ಲೆಯ ಬಬಲಾದಿಯ ಕಾಲಜ್ಞಾನವನ್ನೂ ಆ ಕಡೆ ಜನ ಆಗಾಗ ನೆನೆಯುತ್ತಾರೆ. ಕಾಲಜ್ಞಾನವನ್ನು ನಾನು ಓದುವುದು ಅದರಲ್ಲಿ ಬರುವ ಸಮಾಜದ ಟೀಕೆಗಾಗಿ. ಮುಂದೆ ಹೀಗೆ ಕೆಡುತ್ತದೆ ಎಂದು ಹೇಳುವವರು ತಮ್ಮ ಕಾಲದಲ್ಲಿ ಆಗಲೇ ಏನು ಕೆಟ್ಟಿತ್ತು ಎಂಬುದನ್ನೂ ಹೇಳುತ್ತಿರುತ್ತಾರೆ.

ಪ್ರವಾದಿ ಅಂದರೆ ಭವಿಷ್ಯ ಹೇಳುವವರಾ?

ಅಲ್ಲ. ಕನ್ನಡ ಬೈಬಲ್‌ನಲ್ಲಿ, ಕನ್ನಡದ ಮುಸ್ಲಿಮರ ಬರಹಗಳಲ್ಲಿ ಪ್ರವಾದಿ ಎಂದರೆ ದೇವರ ಸಂದೇಶ ತಂದವರು. ಮುಂದಾಗುವುದನ್ನು ಅವರು ಹೇಳಿದರೂ ಅದು ಮುಖ್ಯವಲ್ಲ. ಜ್ಯೋತಿಷಿಗೆ ಬದಲಾಗಿ ಈ ಪದವನ್ನು ಎಂದೂ ಬಳಸಬಾರದು.

ಹವಾಮಾನ ಹೇಳುವವರಿಗೆ ಯಾವ ಪದ?

ಹವಾಮಾನ ತಜ್ಞ. ಅವರು ಕೊಡುವುದು ‘ಮುನ್ಸೂಚನೆ’. ‘ಹವಾಮಾನ ಭವಿಷ್ಯ’ ಎಂದು ಬರೆಯಬೇಡಿ. ಭಾರತೀಯ ಹವಾಮಾನ ಇಲಾಖೆ 1875ರಿಂದ ಇದೆ. ಅವರ ಹಿಂದೆ ಮಾಪಕ, ಉಪಗ್ರಹ, ಗಣಿತ ಇವೆ. ತಪ್ಪಾದರೆ ಎಷ್ಟು ತಪ್ಪಾಯಿತು ಎಂದು ಅಳೆಯಬಹುದು, ಮುಂದಿನ ಸಲ ತಿದ್ದಿಕೊಳ್ಳಬಹುದು. ಕಣಿಗೂ ಮುನ್ಸೂಚನೆಗೂ ಇರುವ ದೊಡ್ಡ ವ್ಯತ್ಯಾಸ ಇದೇ.

ಇವೆರಡರ ನಡುವೆ ಇನ್ನೊಂದು ಜ್ಞಾನ ಇದೆ, ಅದಕ್ಕೆ ಹೇಳುವವರ ಹೆಸರೇ ಇಲ್ಲ. ಮಳೆ ನಕ್ಷತ್ರಗಳ ಲೆಕ್ಕ. ಒಂದೊಂದು ಮಳೆಗೆ ಹದಿಮೂರು, ಹದಿನಾಲ್ಕು ದಿನ. ‘ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ’ ಎಂದು ಹೇಳುವ ಅಜ್ಜ ಜೋಯಿಸರಲ್ಲ, ಗೊರವಯ್ಯ ಅಲ್ಲ, ತಜ್ಞನೂ ಅಲ್ಲ. ತಲೆಮಾರುಗಳು ಹೊಲದಲ್ಲಿ ನಿಂತು ಆಕಾಶ ನೋಡಿ ನೆನಪಿಟ್ಟುಕೊಂಡದ್ದು ಅವನ ಬಾಯಲ್ಲಿ ಗಾದೆಯಾಗಿ ಬರುತ್ತದೆ.

ಇವರು ಹೇಳುವುದು ನಿಜ ಆಗುತ್ತಾ?

ಜಾತಕದ ವಿಷಯದಲ್ಲಿ ಪರೀಕ್ಷೆಗಳು ನಡೆದಿವೆ. ಖಗೋಳ ವಿಜ್ಞಾನಿ ಜಯಂತ ನಾರಳೀಕರ್ ಮತ್ತು ಗೆಳೆಯರು ಮಹಾರಾಷ್ಟ್ರದಲ್ಲಿ ಒಂದು ಪರೀಕ್ಷೆ ಮಾಡಿದರು. 27 ಜ್ಯೋತಿಷಿಗಳಿಗೆ ತಲಾ 40 ಮಕ್ಕಳ ಜಾತಕ ಕೊಟ್ಟರು. ಓದಿನಲ್ಲಿ ಮುಂದಿರುವ ಮಕ್ಕಳು ಯಾರು, ಬುದ್ಧಿಯ ಬೆಳವಣಿಗೆ ಕುಂಠಿತವಾದ ಮಕ್ಕಳು ಯಾರು ಎಂದು ಜಾತಕ ನೋಡಿ ಹೇಳಬೇಕಿತ್ತು. ಸರಿಯಾದದ್ದು ಶೇ 46. ನಾಣ್ಯ ಚಿಮ್ಮಿದರೂ ಅರ್ಧ ಸರಿಯಾಗುತ್ತದೆ. ನಮ್ಮಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡ ಮತ್ತು ಮೂಢನಂಬಿಕೆಗಳನ್ನು ಪರಿಶೀಲಿಸಲು ಸಮಿತಿಯನ್ನೇ ಮಾಡಿದ್ದರು. ಪ್ರಶ್ನಿಸದೆ ಒಪ್ಪಬೇಡಿ ಎಂದು ಕೊನೆಯವರೆಗೂ ಹೇಳಿದರು.

ನನ್ನ ನಿಲುವು ಹೀಗೆ. ಕಾಯಿಲೆ, ಸಾಲ, ಮಗಳ ಮದುವೆ, ಜಮೀನು, ಈ ನಿರ್ಧಾರಗಳನ್ನು ಯಾವ ಕಣಿಯ ಮೇಲೂ ಬಿಡಬಾರದು. ಭಯ ಹುಟ್ಟಿಸಿ ದುಡ್ಡು ಕೇಳುವವರ ಹತ್ತಿರ ಒಂದು ನಿಮಿಷವೂ ನಿಲ್ಲಬಾರದು. ಆದರೆ ನಂಬದಿರುವುದಕ್ಕೂ ಅರಿಯದಿರುವುದಕ್ಕೂ ವ್ಯತ್ಯಾಸ ಇದೆ. ಕಾರ್ಣಿಕದ ಒಂದು ಸಾಲು, ಕೊರವಂಜಿಯ ಒಂದು ಹಾಡು ಕನ್ನಡದ ಆಸ್ತಿ. ಅವನ್ನು ಬರೆದಿಡಲು, ಪಾಠ ಮಾಡಲು ನಂಬಿಕೆ ಬೇಕಾಗಿಲ್ಲ.

ಮಾತಿನಲ್ಲಿ ಈ ಪದಗಳನ್ನು ಹೇಗೆ ಬಳಸುತ್ತಾರೆ?

‘ಜಾತಕ ತೋರಿಸು’, ‘ಪಂಚಾಂಗ ನೋಡಿಸು’, ‘ಮುಹೂರ್ತ ಇಡಿಸು’, ‘ಶಾಸ್ತ್ರ ಕೇಳು’, ‘ಪ್ರಶ್ನೆ ಇಡು’, ‘ಕಣಿ ಹೇಳು’, ‘ಕಾರ್ಣಿಕ ನುಡಿ’. ಪದಕ್ಕೆ ತಕ್ಕ ಕ್ರಿಯಾಪದ ಇದ್ದರೆ ವಾಕ್ಯ ಸಹಜವಾಗಿರುತ್ತದೆ. ‘ಕಾರ್ಣಿಕ ತೋರಿಸಿದೆ’, ‘ಜಾತಕ ನುಡಿದರು’ ಎಂದರೆ ಯಾರ ಕಿವಿಗೂ ಹಿಡಿಸುವುದಿಲ್ಲ. ಮುಂಚೆ ಗೊತ್ತಿರಲಿಲ್ಲ ಎಂದು ಹೇಳಲು ಈ ಯಾವ ಪದವೂ ಬೇಡ. ‘ನನಗೇನು ಕನಸು ಬಿದ್ದಿತ್ತಾ?’ ಎಂಬ ಮಾತು ಇದ್ದೇ ಇದೆ.

ಬೇರೆ ದೇಶದ ಕಥೆ ಅನುವಾದ ಮಾಡುವಾಗ ಯಾವ ಪದ ಆರಿಸಲಿ?

ಆ ವ್ಯಕ್ತಿ ಏನು ಮಾಡುತ್ತಾರೆ ನೋಡಿ. ಗ್ರೀಸಿನ ಡೆಲ್ಫಿಯಲ್ಲಿ ಅಪೊಲೋ ದೇವರ ಮಾತನ್ನು ಒಬ್ಬ ಹೆಂಗಸು ನುಡಿಯುತ್ತಿದ್ದಳು. ಮಾತು ಒಗಟಾಗಿರುತ್ತಿತ್ತು, ಅರ್ಥ ಕೇಳಿದವರಿಗೆ ಬಿಟ್ಟದ್ದು. ಅವಳಿಗೆ ‘ಜ್ಯೋತಿಷಿ’ ಖಂಡಿತ ಹೊಂದುವುದಿಲ್ಲ. ‘ಕಾರಣಿಕ ನುಡಿಯುವವಳು’ ಎಂದರೆ ಬಯಲುಸೀಮೆಯ ಓದುಗರಿಗೆ ಕೂಡಲೇ ಗೊತ್ತಾಗುತ್ತದೆ. 1555ರಲ್ಲಿ ತನ್ನ ಪದ್ಯಗಳನ್ನು ಅಚ್ಚು ಹಾಕಿಸಿದ ಫ್ರಾನ್ಸಿನ ನಾಸ್ಟ್ರಡಾಮಸ್‌ಗೆ ‘ಕಾಲಜ್ಞಾನಿ’ ಸರಿ. ಜಾತ್ರೆಯ ಡೇರೆಯಲ್ಲಿ ಕೂತು ಕೈ ನೋಡುವ ಯುರೋಪಿನ ರೋಮಾ ಹೆಂಗಸಿಗೆ ‘ಕಣಿ ಹೇಳುವವಳು’ ಎನ್ನಿ. ‘ಕೊರವಂಜಿ’ ಎನ್ನಬೇಡಿ, ಅದು ನಮ್ಮ ಒಂದು ಸಮುದಾಯದ ಹೆಣ್ಣಿನ ಹೆಸರು. ಷೇರು ಮಾರುಕಟ್ಟೆ, ಚುನಾವಣೆ ಬಗ್ಗೆ ಹೇಳುವವರಿಗೆ ‘ವಿಶ್ಲೇಷಕ’ ಸಾಕು, ಅವರು ಕೊಡುವುದು ‘ಅಂದಾಜು’.

ಬುಡುಬುಡಿಕೆಯವರು, ಕಣಿ ಹೇಳುವವರು ಮನೆಗೆ ಬಂದರೆ ಏನೆಂದು ಮಾತಾಡಿಸಬೇಕು?

ವಯಸ್ಸಿಗೆ ತಕ್ಕಂತೆ ಅಣ್ಣ, ಅಜ್ಜ, ಅಕ್ಕ, ಅಮ್ಮ ಎಂದೇ ಮಾತಾಡಿಸಿ. ಹೋಗಿ, ಬನ್ನಿ ಎನ್ನಿ. ಕಣಿ ಬೇಡವಾದರೆ ‘ಬೇಡಮ್ಮ, ಮುಂದೆ ಹೋಗಿ’ ಎಂದರೆ ಅವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕೊಡುವ ಮನಸ್ಸಿದ್ದರೆ ಅಕ್ಕಿ, ಹಳೆ ಬಟ್ಟೆ, ಸ್ವಲ್ಪ ಹಣ ಕೊಡಬಹುದು. ಬಿಡುವಿದ್ದರೆ ಯಾವ ಊರಿನವರು, ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ, ಹಕ್ಕಿಯ ದನಿಯಲ್ಲಿ ಏನು ಕೇಳುತ್ತದೆ ಎಂದು ವಿಚಾರಿಸಿ. ಒಪ್ಪಿದರೆ ಅವರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ಒಪ್ಪದಿದ್ದರೆ ಬಿಟ್ಟುಬಿಡಿ.